ತೆರಿಗೆ ಪ್ರಶ್ನೋತ್ತರ: ಹೊಲಕ್ಕೆ ಹೊಲದ ಬೆಲೆ, ಮನೆಗೆ ಮನೆಯ ಬೆಲೆ

ಅಮೆರಿಕದಲ್ಲಿ ಜಮೀನು ಕೊಂಡಿರುವ ಕನ್ನಡಿಗರಿಂದಲೂ ಊರಿನಲ್ಲಿರುವ ಅವರ ತಂದೆತಾಯಿಯರಿಂದಲೂ ಕೃಷಿ ಜಮೀನಿನ ಆಸ್ತಿ ತೆರಿಗೆಯ ಬಗ್ಗೆ ಪತ್ರಗಳು ಬರುತ್ತಲೇ ಇರುವುದರಿಂದ, ಈ ಸಂಚಿಕೆಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಅಲ್ಲಿನ 50 ರಾಜ್ಯಗಳಲ್ಲಿಯೂ ಕೃಷಿ ಭೂಮಿಗೆ ಒಂದಲ್ಲ ಒಂದು ಬಗೆಯ ರಿಯಾಯಿತಿ ಇದೆ; ಆದರೆ ಒಂದು ರಾಜ್ಯದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಟೆಕ್ಸಾಸ್‌ನ ಉತ್ತರವನ್ನು ಓದಿ ನ್ಯೂಜೆರ್ಸಿಯಲ್ಲಿ ಅರ್ಜಿ ಹಾಕಬೇಡಿರೆಂದು ಮೊದಲೇ ವಿನಂತಿಸುತ್ತೇವೆ.

ಪ್ರಶ್ನೆ: ನ್ಯೂಜೆರ್ಸಿಯ ಹಂಟರ್ಡನ್ ಕೌಂಟಿಯಲ್ಲಿ ನಾವು 8 ಎಕರೆ ಜಮೀನು ಕೊಂಡಿದ್ದೇವೆ. ಮನೆ, ಅಂಗಳದ ಹುಲ್ಲು, ಕಾರಿನ ದಾರಿ, ಸೆಪ್ಟಿಕ್ ಟ್ಯಾಂಕ್ ಎಲ್ಲ ಸೇರಿ 1 ಎಕರೆಯಷ್ಟಾಗುತ್ತದೆ. 2 ಎಕರೆ ಮರಗಳಿರುವ ಜಾಗ. ಉಳಿದ 5 ಎಕರೆಯಲ್ಲಿ ಅವರೆ, ಬದನೆ, ಹಸಿಮೆಣಸಿನಕಾಯಿ, ದಂಟಿನ ಸೊಪ್ಪು ಬೆಳೆಯಲು ಆರಂಭಿಸಿದ್ದೇವೆ. ಮನೆಗೆ ಆಗಿ ಉಳಿದದ್ದನ್ನು ಪರಿಚಯದವರಿಗೆ ಹಂಚುತ್ತೇವೆ. "ಫಾರ್ಮ್ ಎಂದು ಬರೆಸಿಬಿಡಿ, ತೆರಿಗೆಯೇ ಬರುವುದಿಲ್ಲ" ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ತೆರಿಗೆಯೇ ಬರುವುದಿಲ್ಲ ಎಂಬುದು ತಪ್ಪು, ಹೊಲದ ಪಾಲಿನ ತೆರಿಗೆ ಬಹಳ ಇಳಿಯುತ್ತದೆ ಎಂಬುದು ಸರಿ. ಈ ವ್ಯತ್ಯಾಸ ತಿಳಿಯದೆ ಹೋದರೆ ಮುಂದಿನದೇನೂ ಅರ್ಥವಾಗುವುದಿಲ್ಲವಾದ್ದರಿಂದ, ಅದನ್ನೇ ಮೊದಲು ಬಿಡಿಸಿ ಹೇಳುತ್ತೇವೆ.

ನಿಮ್ಮ ಊರಿನ ಶಾಲೆ, ಮುನಿಸಿಪಾಲಿಟಿ ಮತ್ತು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇವೆಲ್ಲ ನಡೆಯುವುದು ಬಹುಮಟ್ಟಿಗೆ ಆಸ್ತಿ ತೆರಿಗೆಯಿಂದ, ಮತ್ತು ಆ ತೆರಿಗೆಯನ್ನು ವಿಧಿಸುವುದು ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ಎಂಬ ಎರಡು ಮಹಾನಗರಗಳ ನಡುವೆ ಸಿಕ್ಕಿಕೊಂಡಿರುವ ನ್ಯೂಜೆರ್ಸಿಯಲ್ಲಿ, ಪಕ್ಕದ ಹೊಲ ಬಡಾವಣೆಯಾದ ಕೂಡಲೇ ತನ್ನ ಪಾಡಿಗೆ ಜೋಳ ಬೆಳೆಯುತ್ತಿದ್ದ ರೈತನ ಹೊಲಕ್ಕೂ ಸೈಟಿನ ಬೆಲೆ ಬಂದು, ಬೆಳೆಯ ಆದಾಯದಿಂದ ತೆರಿಗೆ ಕಟ್ಟಲಾಗದೆ ಅವನೂ ಹೊಲ ಮಾರಬೇಕಾದ ಪರಿಸ್ಥಿತಿ ಇತ್ತು. ಇದನ್ನು ತಡೆಯಲೆಂದು 1963ರಲ್ಲಿ ಅಲ್ಲಿನ ಮತದಾರರು ರಾಜ್ಯ ಸಂವಿಧಾನದ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಅದರ ಆಧಾರದ ಮೇಲೆ 1964ರ ಫಾರ್ಮ್‌ಲ್ಯಾಂಡ್ ಅಸೆಸ್‌ಮೆಂಟ್ ಕಾಯ್ದೆ ಬಂತು. (ನಮ್ಮ ಕರ್ನಾಟಕ ಭೂಕಂದಾಯ ಕಾಯ್ದೆಯೂ 1964ರದ್ದೇ ಎಂಬುದು ಕೇವಲ ಕಾಕತಾಳೀಯ.) ಈ ಕಾಯ್ದೆಯ ಪ್ರಕಾರ, ಅರ್ಹವಾದ ಹೊಲಕ್ಕೆ ಬೆಲೆ ಕಟ್ಟುವಾಗ ಅದನ್ನು ಬಿಲ್ಡರ್ ಎಷ್ಟಕ್ಕೆ ಕೊಳ್ಳುತ್ತಾನೆ ಎಂದು ನೋಡದೆ, ಬೇಸಾಯದ ಭೂಮಿಯಾಗಿ ಅದರ ಬೆಲೆ ಎಷ್ಟು ಎಂಬುದನ್ನು ಮಾತ್ರ ನೋಡಬೇಕು. ಇದಕ್ಕಾಗಿ ರಾಜ್ಯದ ಸಮಿತಿಯೊಂದು ಮಣ್ಣಿನ ವರ್ಗ ಮತ್ತು ಭೂಮಿಯ ಬಳಕೆಯನ್ನು ಗಮನಿಸಿ ಕೌಂಟಿವಾರು ದರಗಳನ್ನು ಪ್ರತಿವರ್ಷ ಸೂಚಿಸುತ್ತದೆ. ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ ಕಂದಾಯ ನಿಗದಿ ಮಾಡುವುದನ್ನು ಕಂಡು ಬೆಳೆದವರಿಗೆ ಈ ಪದ್ಧತಿ ಅಪರಿಚಿತವೆನಿಸದು.

ಈಗ ನಿಮ್ಮ ಜಮೀನಿಗೆ ಬರೋಣ. ನಿಮ್ಮ 8 ಎಕರೆಯಲ್ಲಿ ಮನೆ ಮತ್ತು ಮನೆಯ ಬಳಕೆಗೆ ಸೇರಿದ 1 ಎಕರೆಗೆ ಯಾವ ರಿಯಾಯಿತಿಯೂ ಇಲ್ಲ. ಅದಕ್ಕೆ ಎಲ್ಲರಂತೆ ಪೂರ್ಣ ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ. ಆ ಭಾಗವನ್ನು ಕಳೆದು ಉಳಿಯುವ ಭೂಮಿಯಲ್ಲಿ ಕನಿಷ್ಠ 5 ಎಕರೆ ಸಕ್ರಿಯವಾಗಿ ಬೇಸಾಯಕ್ಕೆ ಬಳಕೆಯಾಗುತ್ತಿರಬೇಕು. ನೀವು ಸರಿಯಾಗಿ 5 ಎಕರೆ ಎಂದು ಬರೆದಿರುವುದೇ ನಮಗೆ ಸ್ವಲ್ಪ ಆತಂಕ ಹುಟ್ಟಿಸುತ್ತದೆ. ಅಂಗಳದ ಹುಲ್ಲು ನಾಲ್ಕು ಮಾರು ಆಚೆ ಸರಿದಿದ್ದರೂ ಲೆಕ್ಕ ತಪ್ಪಬಹುದಾದ್ದರಿಂದ, ಸರ್ವೆ ನಕ್ಷೆಯನ್ನು ಮುಂದಿಟ್ಟುಕೊಂಡು ಅಳತೆ ಮಾಡಿಸಿಕೊಳ್ಳಿ. ಮರಗಳಿರುವ 2 ಎಕರೆ ಹೊಲಕ್ಕೆ ಹೊಂದಿಕೊಂಡಿದ್ದು ಅದಕ್ಕೆ ಪೂರಕವಾಗಿದ್ದರೆ ಅದನ್ನೂ ಸೇರಿಸಿಕೊಳ್ಳಬಹುದು. ಕಾಡನ್ನೇ ಮುಖ್ಯ ಬೆಳೆಯೆಂದು ತೋರಿಸುವವರಾದರೆ ಅರಣ್ಯ ನಿರ್ವಹಣಾ ಯೋಜನೆ ಬೇಕಾಗುತ್ತದೆ. ಅದು ನಿಮಗೆ ಅನ್ವಯಿಸುವುದಿಲ್ಲ.

ಎರಡನೆಯ ಷರತ್ತಿನಲ್ಲಿಯೇ ನೀವು ಎಡವುತ್ತಿರುವುದು. ಈ ರಿಯಾಯಿತಿ ಮಾರಾಟಕ್ಕಾಗಿ ಬೆಳೆಯುವವರಿಗೆ. ಮೊದಲ 5 ಎಕರೆಯಿಂದ ವರ್ಷಕ್ಕೆ ಸರಾಸರಿ 1,000 ಡಾಲರ್ ಒಟ್ಟು ಮಾರಾಟ, ಅದಕ್ಕೆ ಮೇಲಿನ ಪ್ರತಿ ಎಕರೆ ಹೊಲಕ್ಕೆ 5 ಡಾಲರ್, ಕಾಡಾದರೆ ಎಕರೆಗೆ 50 ಸೆಂಟ್ ಆಗಿರಬೇಕು. ನಿಮ್ಮ ಲೆಕ್ಕದಲ್ಲಿ ಇದು 1,001 ಡಾಲರ್. ಮನೆಯಲ್ಲಿ ಹುಳಿ ಮಾಡಿದ ಬದನೆಯೂ ಪರಿಚಯದವರಿಗೆ ಪ್ರೀತಿಯಿಂದ ಕೊಟ್ಟ ಅವರೆಯೂ ಈ ಲೆಕ್ಕಕ್ಕೆ ಬಾರವು. ಅದೇ ಅವರೆಯನ್ನು ಅವರಿಗೇ ಹಣಕ್ಕೆ ಮಾರಿ ರಸೀದಿ ಇಟ್ಟುಕೊಂಡರೆ ಬರುತ್ತದೆ. ಡಿಸೆಂಬರ್‌ನಲ್ಲಿ ಸೊಗಡಿನ ಅವರೆಗಾಗಿ ಹಂಬಲಿಸುವ ಕನ್ನಡಿಗರು ಆ ರಾಜ್ಯದಲ್ಲಿ ಸಾಕಷ್ಟಿರುವುದರಿಂದ ಗಿರಾಕಿಗಳಿಗೆ ಕೊರತೆಯಾಗದು. ಬೇಸಿಗೆಯಲ್ಲಿ ಬಿಡಿಸಿದ ಕಾಳನ್ನು ಫ್ರೀಜರಿನಲ್ಲಿಟ್ಟು ಮಾರುವ ಬಗೆಯನ್ನು ಯೋಚಿಸಿ. ಯಾವ ತಾರೀಖು, ಏನು, ಎಷ್ಟು ಪೌಂಡ್, ಯಾರಿಗೆ, ಎಷ್ಟು ಹಣ ಎಂದು ಬರೆದಿಟ್ಟ ಒಂದು ಪುಸ್ತಕ ಮತ್ತು ರಸೀದಿಗಳ ಕಟ್ಟು, ಇವೆರಡೇ ನಿಮ್ಮ ನಿಜವಾದ ದಾಖಲೆ.

ಹಿಂದೆ ಈ ಮೊತ್ತ 500 ಡಾಲರ್ ಇತ್ತು. ನಾಲ್ಕು ಹೊರೆ ಸೌದೆ ಮಾರಿ ದೊಡ್ಡ ಬಂಗಲೆಯ ಸುತ್ತಲ ಜಮೀನಿಗೆ ರೈತರ ತೆರಿಗೆ ಕಟ್ಟುತ್ತಿದ್ದವರ ಬಗ್ಗೆ ಟೀಕೆ ಹೆಚ್ಚಾದ ಮೇಲೆ 2013ರ ತಿದ್ದುಪಡಿಯಿಂದ ಅದನ್ನು 1,000ಕ್ಕೆ ಏರಿಸಿ, 2015ರ ತೆರಿಗೆ ವರ್ಷದಿಂದ ಜಾರಿಗೆ ತರಲಾಯಿತು. ಉದ್ದೇಶಪೂರ್ವಕವಾಗಿ ಸುಳ್ಳು ಬರೆದವರಿಗೆ 5,000 ಡಾಲರ್‌ವರೆಗೆ ದಂಡವನ್ನೂ ಅದೇ ತಿದ್ದುಪಡಿ ಸೇರಿಸಿತು. ಒಂದು ವರ್ಷಕ್ಕೆ ಸಾವಿರ ಡಾಲರ್ ಎಂಬುದು ಈಗಲೂ ತೀರ ಕಡಿಮೆಯೆಂದೇ ನಮ್ಮ ಅಭಿಪ್ರಾಯ. ಅಷ್ಟು ಸಣ್ಣ ಮೊತ್ತಕ್ಕಾಗಿ ಸುಳ್ಳು ರಸೀದಿ ಬರೆಯುವ ಅಗತ್ಯ ಯಾರಿಗೂ ಬರಬಾರದು.

ಇನ್ನು ಕಾಲದ ಲೆಕ್ಕ. ತೆರಿಗೆ ವರ್ಷಕ್ಕೆ ಹಿಂದಿನ ಎರಡು ವರ್ಷ ಸತತವಾಗಿ ಬೇಸಾಯ ನಡೆದಿರಬೇಕು. ನೀವು 2026 ಮತ್ತು 2027ರಲ್ಲಿ ಬೆಳೆ ಬೆಳೆದರೆ, 2027ರ ಆಗಸ್ಟ್ 1ರೊಳಗೆ ನಿಮ್ಮ ಮುನಿಸಿಪಾಲಿಟಿಯ ಅಸೆಸರ್ (ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿ) ಕಚೇರಿಗೆ ಎಫ್‌ಎ-1 ನಮೂನೆಯಲ್ಲಿ ಅರ್ಜಿ ಕೊಟ್ಟು, 2028ರಿಂದ ರಿಯಾಯಿತಿ ಪಡೆಯಬಹುದು. ಅಲ್ಲಿಯವರೆಗೆ ಪೂರ್ತಿ ತೆರಿಗೆ ಕಟ್ಟಲೇಬೇಕು. ಅರ್ಜಿಯನ್ನು ಪ್ರತಿವರ್ಷವೂ ಹೊಸದಾಗಿ ಕೊಡಬೇಕು. ಹಣ್ಣಿನ ಗಿಡ ನೆಟ್ಟು ಫಲಕ್ಕಾಗಿ ಕಾಯುತ್ತಿರುವವರಿಗೆ ಮಾತ್ರ, ಮುಂದೆ ನಿಗದಿತ ಮಾರಾಟ ಆಗುವುದೆಂಬುದಕ್ಕೆ ಸ್ಪಷ್ಟ ಪುರಾವೆ ಒದಗಿಸಿದರೆ, ಮಾರಾಟದ ಷರತ್ತಿನಲ್ಲಿ ಅವಕಾಶವಿದೆ. ಬದನೆಗೆ ಅದು ಸಲ್ಲದು.

ಪ್ರಶ್ನೆ: ನಾವೂ ನ್ಯೂಜೆರ್ಸಿಯವರೇ. ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ನಮ್ಮ 11 ಎಕರೆಯನ್ನು ಪಕ್ಕದ ರೈತರಿಗೆ ಹುಲ್ಲು ಬೆಳೆಯಲು ಬಿಟ್ಟುಕೊಟ್ಟಿದ್ದೇವೆ. ಅವರು ವರ್ಷಕ್ಕೆ 1,200 ಡಾಲರ್ ಗುತ್ತಿಗೆ ಕೊಡುತ್ತಾರೆ. ನಾವೇ ಉಳುಮೆ ಮಾಡದಿದ್ದರೂ ರಿಯಾಯಿತಿ ಸಿಗುವುದೇ? ಮುಂದೆ ಇದನ್ನು ಮಾರಿದರೆ ಹಳೆಯ ತೆರಿಗೆಯನ್ನೆಲ್ಲ ವಾಪಸು ಕೇಳುತ್ತಾರೆಯೇ?

ಉತ್ತರ: ಸಿಗುತ್ತದೆ. ಭೂಮಿ ಬೇಸಾಯದಲ್ಲಿದೆಯೇ ಎಂಬುದು ಮುಖ್ಯ, ನೇಗಿಲು ಹಿಡಿದವರು ಯಾರು ಎಂಬುದಲ್ಲ. ಆದರೆ ನಿಮಗೆ ಬರುವ 1,200 ಡಾಲರ್ ಗುತ್ತಿಗೆಯನ್ನು ಮಾರಾಟದ ಮೊತ್ತವೆಂದು ಬರೆಯಬೇಡಿ. ಆ ರೈತರು ನಿಮ್ಮ ಹೊಲದ ಹುಲ್ಲನ್ನು ಎಷ್ಟಕ್ಕೆ ಮಾರಿದರು ಎಂಬುದೇ ಲೆಕ್ಕ. ಅರ್ಜಿಗೆ ಸಹಿ ಹಾಕುವವರು ಮಾಲೀಕರಾದ ನೀವು, ಪುರಾವೆ ಇರುವುದು ಅವರ ಕೈಯಲ್ಲಿ. ಆದುದರಿಂದ ಪ್ರತಿವರ್ಷ ಜೂನ್ ಹೊತ್ತಿಗೆ ಮಾರಾಟದ ವಿವರ ಕೊಡಬೇಕೆಂಬ ಮಾತನ್ನು ಗುತ್ತಿಗೆಯ ಕರಾರಿನಲ್ಲಿಯೇ ಸೇರಿಸಿ. ಊರಿನಲ್ಲಿ ಗೇಣಿ ಕೊಟ್ಟವರು ಭೂಮಿಯನ್ನೇ ಕಳೆದುಕೊಂಡ ನೆನಪಿನಿಂದ ಕೆಲವರು ಬರವಣಿಗೆಯ ಕರಾರಿಗೆ ಹಿಂಜರಿಯುವುದುಂಟು. ಅಲ್ಲಿ ಆ ಭಯಕ್ಕೆ ಕಾರಣವಿಲ್ಲ.

ಮಾರುವ ವಿಚಾರದಲ್ಲಿ, ಮಾರಾಟ ಮಾತ್ರದಿಂದಲೇ ಹಳೆಯ ತೆರಿಗೆ ಬರುವುದಿಲ್ಲ. ಕೊಂಡವರು ಬೇಸಾಯ ಮುಂದುವರಿಸಿದರೆ ಏನೂ ಆಗದು. ಭೂಮಿಯ ಬಳಕೆ ಬದಲಾಗಿ ಅಲ್ಲಿ ಮನೆಗಳೋ ಗೋದಾಮೋ ಎದ್ದಾಗ ರೋಲ್‌ಬ್ಯಾಕ್ ತೆರಿಗೆ ಬೀಳುತ್ತದೆ. ಬಳಕೆ ಬದಲಾದ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷ, ಹೀಗೆ ಮೂರು ವರ್ಷಗಳಲ್ಲಿ ರಿಯಾಯಿತಿಯಿಂದ ಉಳಿದ ಮೊತ್ತವನ್ನು ವಸೂಲು ಮಾಡುತ್ತಾರೆ. ಹತ್ತು ವರ್ಷ ರಿಯಾಯಿತಿ ಪಡೆದಿದ್ದರೂ ಕೊಡಬೇಕಾದದ್ದು ಮೂರೇ ವರ್ಷದ್ದು. ಈ ಬಾಕಿ ಭೂಮಿಯ ಬೆನ್ನು ಹತ್ತಿ ಹೋಗುವುದರಿಂದ, ಅದನ್ನು ಕೊಡುವವರು ಯಾರೆಂದು ಕ್ರಯದ ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಬೇಕು. ಬಿಲ್ಡರ್‌ಗೆ ಮಾರುವಾಗ ಈ ಒಂದು ಸಾಲನ್ನು ಮರೆತರೆ ಆಮೇಲೆ ವಕೀಲರ ಖರ್ಚೇ ತೆರಿಗೆಯಷ್ಟಾದೀತು.

ಪ್ರಶ್ನೆ: ಟೆಕ್ಸಾಸ್‌ನ ಆಸ್ಟಿನ್ ನಗರದ ಹೊರಗೆ, ನಗರದ ಎಲ್ಲೆಯಾಚೆ 12 ಎಕರೆ ಕೊಂಡಿದ್ದೇನೆ. ಹಿಂದಿನ ಮಾಲೀಕರು ಅನೇಕ ವರ್ಷ ಹಸು ಮೇಯಿಸುತ್ತಿದ್ದರು ಮತ್ತು "ಆಗ್ ಎಕ್ಸೆಂಪ್ಷನ್" (ಕೃಷಿ ವಿನಾಯಿತಿ) ಇತ್ತು. ಸದ್ಯಕ್ಕೆ ಮನೆ ಕಟ್ಟುವ ಯೋಚನೆಯಿಲ್ಲ. ಹಸು ಸಾಕುವುದು ನನ್ನಿಂದಾಗದು, ಜೇನು ಸಾಕಬಹುದೇ? ನಾನು ಎಚ್-1ಬಿ ವೀಸಾದಲ್ಲಿದ್ದೇನೆ.

ಉತ್ತರ: ಜನರ ಬಾಯಲ್ಲಿ ಅದು ಎಕ್ಸೆಂಪ್ಷನ್ ಎಂದೇ ಉಳಿದಿದ್ದರೂ, ಟೆಕ್ಸಾಸ್‌ನಲ್ಲಿಯೂ ಅದು ವಿನಾಯಿತಿಯಲ್ಲ, ಬೇರೆ ರೀತಿಯ ಮೌಲ್ಯಮಾಪನ. ರಾಜ್ಯ ಸಂವಿಧಾನದಲ್ಲಿ ಅದಕ್ಕಿರುವ ಕಲಮಿನ ಹೆಸರಿನಿಂದ ಅದನ್ನು 1-ಡಿ-1 ಎನ್ನುತ್ತಾರೆ, 1978ರಲ್ಲಿ ಬಂದದ್ದು. ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷವಾದರೂ ಭೂಮಿ ಕೃಷಿಯಲ್ಲಿರಬೇಕು, ಈಗಲೂ ಮುಖ್ಯ ಬಳಕೆ ಕೃಷಿಯೇ ಆಗಿರಬೇಕು, ಮತ್ತು ಆ ಪ್ರದೇಶದಲ್ಲಿ ಸಾಮಾನ್ಯವಾಗಿ ನಡೆಯುವಷ್ಟು ತೀವ್ರತೆಯಿಂದ ನಡೆಯಬೇಕು. ಹಿಂದಿನ ಮಾಲೀಕರ ಕಾಲದ ವರ್ಷಗಳೂ ಭೂಮಿಯ ಚರಿತ್ರೆಯಾಗಿ ನಿಮಗೆ ದೊರೆಯುತ್ತವೆ. ಆದರೆ ಅವರ ಅರ್ಜಿ ನಿಮಗೆ ದೊರೆಯುವುದಿಲ್ಲ. ಮಾಲೀಕರು ಬದಲಾದ ಮೇಲೆ ಹೊಸ ಅರ್ಜಿಯನ್ನು ಆಸ್ತಿಗಳಿಗೆ ಬೆಲೆ ಕಟ್ಟುವ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ಕಚೇರಿಗೆ ಏಪ್ರಿಲ್ ಕೊನೆಯೊಳಗೆ ಕೊಡಬೇಕು. ಒಮ್ಮೆ ಮಂಜೂರಾದರೆ ನ್ಯೂಜೆರ್ಸಿಯಂತೆ ಪ್ರತಿವರ್ಷ ಕೊಡಬೇಕಾಗಿಲ್ಲ.

ಜೇನು ಸಾಕಬಹುದು. ಪರಾಗಸ್ಪರ್ಶಕ್ಕಾಗಿ ಅಥವಾ ಜೇನುತುಪ್ಪ ಮೊದಲಾದ ಮಾರಾಟದ ವಸ್ತುಗಳಿಗಾಗಿ 5 ಎಕರೆಗೆ ಕಡಿಮೆಯಿಲ್ಲದ, 20 ಎಕರೆಗೆ ಮೀರದ ಭೂಮಿಯಲ್ಲಿ ಜೇನು ಸಾಕುವುದನ್ನು ಕಾನೂನು ಕೃಷಿಯೆಂದು ಒಪ್ಪುತ್ತದೆ. ನಿಮ್ಮ 12 ಎಕರೆ ಈ ಮಿತಿಯೊಳಗಿದೆ. ಎಷ್ಟು ಎಕರೆಗೆ ಎಷ್ಟು ಪೆಟ್ಟಿಗೆ ಎಂಬುದನ್ನು ಆಯಾ ಅಪ್ರೈಸಲ್ ಡಿಸ್ಟ್ರಿಕ್ಟ್ ನಿಗದಿ ಮಾಡುವುದರಿಂದ, ಪೆಟ್ಟಿಗೆ ಕೊಳ್ಳುವ ಮುನ್ನ ಅವರ ಮಾರ್ಗಸೂಚಿಯನ್ನು ತರಿಸಿಕೊಳ್ಳಿ. ಹಸುವಿನಿಂದ ಜೇನಿಗೆ ಬದಲಾದರೆ ರೋಲ್‌ಬ್ಯಾಕ್ ಬರುವುದಿಲ್ಲ, ಏಕೆಂದರೆ ಎರಡೂ ಕೃಷಿಯೇ. ಹಸುಗಳು ಹೊರಟುಹೋಗಿ ಜೇನು ಇನ್ನೂ ಬಾರದೆ ಭೂಮಿ ಖಾಲಿ ಬಿದ್ದಿರುವ ಅವಧಿಯೇ ಅಪಾಯದ್ದು. ಅದನ್ನು ಆದಷ್ಟು ಚಿಕ್ಕದು ಮಾಡಿ. ಮುಂದೊಂದು ದಿನ ಅಲ್ಲಿ ಬೇರೆ ಬಳಕೆ ಬಂದರೆ ಹಿಂದಿನ ಮೂರು ವರ್ಷಗಳ ವ್ಯತ್ಯಾಸ ಕಟ್ಟಬೇಕಾಗುತ್ತದೆ. 2019ರ ತಿದ್ದುಪಡಿಗೆ ಮೊದಲು ಇದು ಐದು ವರ್ಷ ಇತ್ತು.

ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ನೀವು ಬರೆಯದೇ ಹೋಗಿದ್ದರೆ ನಾವೂ ಇಲ್ಲಿಗೆ ನಿಲ್ಲಿಸುತ್ತಿದ್ದೆವು. ಆದರೆ ಈ ಅಂಕಣದಲ್ಲಿ ಎಲ್ಲರೂ ಗಮನಿಸಬೇಕಾದ ಮಾತು ಇಲ್ಲಿಯೇ ಇದೆ. 1978ರ ಫೆಡರಲ್ ಕಾಯ್ದೆಯೊಂದರ ಪ್ರಕಾರ, ಅಮೆರಿಕದ ಪೌರರೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ ವ್ಯಕ್ತಿ ಕೃಷಿ ಭೂಮಿ ಕೊಂಡರೆ 90 ದಿನಗಳೊಳಗೆ ಕೃಷಿ ಇಲಾಖೆಗೆ ಎಫ್‌ಎಸ್‌ಎ-153 ನಮೂನೆಯಲ್ಲಿ ವರದಿ ಮಾಡಬೇಕು. ಎಚ್-1ಬಿ ವೀಸಾದವರು ಎಷ್ಟು ವರ್ಷದಿಂದ ಅಲ್ಲಿ ತೆರಿಗೆ ಕಟ್ಟುತ್ತಿದ್ದರೂ ಈ ಕಾಯ್ದೆಯ ದೃಷ್ಟಿಯಲ್ಲಿ ವಿದೇಶಿಯರೇ. ಒಟ್ಟು ಭೂಮಿ 10 ಎಕರೆ ಅಥವಾ ಅದಕ್ಕಿಂತ ಕಡಿಮೆಯಿದ್ದು, ಅದರ ಉತ್ಪನ್ನದ ವಾರ್ಷಿಕ ಮಾರಾಟ 1,000 ಡಾಲರ್ ಮೀರದಿದ್ದರೆ ಮಾತ್ರ ವರದಿ ಬೇಡ. ನಿಮ್ಮದು 12 ಎಕರೆ, ಆದ್ದರಿಂದ ವರದಿ ಬೇಕು. ತಡವಾದಂತೆ ದಂಡ ವಾರದ ಲೆಕ್ಕದಲ್ಲಿ ಬೆಳೆಯುತ್ತಾ ಹೋಗಿ, ಗರಿಷ್ಠ ಮಿತಿಯಲ್ಲಿ ಭೂಮಿಯ ಮಾರುಕಟ್ಟೆ ಬೆಲೆಯ ಶೇ. 25ರವರೆಗೂ ಮುಟ್ಟಬಹುದು. ತೆರಿಗೆಯಲ್ಲಿ ಕೆಲವು ಸಾವಿರ ಉಳಿಸಲು ಹೊರಟು ಭೂಮಿಯ ಕಾಲುಭಾಗದ ಬೆಲೆಯನ್ನು ದಂಡ ಕಟ್ಟುವುದು ಯಾವ ಲೆಕ್ಕಕ್ಕೂ ಕೂಡದು. ಜೊತೆಗೆ, ಹೀಗೆ ವರದಿ ಮಾಡಬೇಕಾದವರು ನಾನ್‌ರೆಸಿಡೆಂಟ್ ಏಲಿಯನ್ (ಅನಿವಾಸಿ ವಿದೇಶಿಯರು) ಆಗಿದ್ದರೆ ಟೆಕ್ಸಾಸ್‌ನ 1-ಡಿ-1 ಅವರಿಗೆ ಸಿಗುವುದಿಲ್ಲವಾದ್ದರಿಂದ, ಅರ್ಜಿಗೆ ಮುನ್ನ ನಿಮ್ಮ ಸ್ಥಾನಮಾನವನ್ನು ವಕೀಲರ ಬಳಿ ಖಚಿತಪಡಿಸಿಕೊಳ್ಳಿ. 90 ದಿನ ಈಗಾಗಲೇ ಕಳೆದಿದ್ದರೆ, ಇನ್ನೂ ಕಾಯದೆ ತಡವಾದ ವರದಿಯನ್ನೇ ಕೊಡಿ.

ಪ್ರಶ್ನೆ: ನಾನು ತೀರ್ಥಹಳ್ಳಿಯ ಅಡಿಕೆ ಬೆಳೆಗಾರ. ಮಗ ಫ್ಲಾರಿಡಾದಲ್ಲಿ 20 ಎಕರೆ ತೆಗೆದುಕೊಂಡು ದನ ಮೇಯಿಸಲು ಬಾಡಿಗೆಗೆ ಕೊಟ್ಟಿದ್ದಾನೆ. ಸುತ್ತ ಎಲ್ಲ ಲೇಔಟುಗಳಂತೆ. ಇಷ್ಟು ಕಡಿಮೆ ತೆರಿಗೆ ಕಟ್ಟುತ್ತಿರುವುದು ಕಾನೂನಿಗೆ ಸರಿಯೇ? ನಾಳೆ ಮಾರುವಾಗ ಸರ್ಕಾರ ಎಲ್ಲ ಸೇರಿಸಿ ಕಿತ್ತುಕೊಳ್ಳುವುದಿಲ್ಲವೇ?

ಉತ್ತರ: ಕಾನೂನಿಗೆ ಸರಿಯಾಗಿಯೇ ಇದೆ, ದನಗಳು ನಿಜವಾಗಿ ಮೇಯುತ್ತಿರುವವರೆಗೆ. ಫ್ಲಾರಿಡಾದ ಗ್ರೀನ್‌ಬೆಲ್ಟ್ ಕಾನೂನು 1959ರದ್ದು. ಇಂಥ ಕಾನೂನನ್ನು 1956ರಲ್ಲಿ ಮೊದಲು ಮಾಡಿದ ಮೇರಿಲ್ಯಾಂಡ್ ರಾಜ್ಯದ ಬೆನ್ನಲ್ಲೇ ಬಂದದ್ದು. ಇಷ್ಟೇ ಎಕರೆ, ಇಷ್ಟೇ ಡಾಲರ್ ಎಂದು ಅದು ಗೆರೆ ಎಳೆಯುವುದಿಲ್ಲ. ಪ್ರಾಮಾಣಿಕವಾದ ವಾಣಿಜ್ಯ ಕೃಷಿ ನಡೆಯುತ್ತಿದೆಯೇ ಎಂದು ಕೇಳುತ್ತದೆ. ಎಷ್ಟು ಕಾಲದಿಂದ, ಎಡೆಬಿಡದೆ ನಡೆದಿದೆಯೇ, ಆ ಬಗೆಯ ಕೃಷಿಗೆ ಜಮೀನಿನ ವಿಸ್ತಾರ ಸಾಕೇ, ಗೊಬ್ಬರ ಬೇಲಿ ಮುಂತಾದ ಆರೈಕೆ ಇದೆಯೇ, ಗುತ್ತಿಗೆಯಾದರೆ ಅದು ಸಾಚಾ ಗುತ್ತಿಗೆಯೇ ಎಂಬುದನ್ನೆಲ್ಲ ಕೌಂಟಿಯ ಪ್ರಾಪರ್ಟಿ ಅಪ್ರೈಸರ್ ತೂಗಿ ನೋಡುತ್ತಾರೆ. ಜನವರಿ 1ರಂದು ಭೂಮಿ ಯಾವ ಬಳಕೆಯಲ್ಲಿತ್ತು ಎಂಬುದು ಆ ವರ್ಷಕ್ಕೆ ಆಧಾರ. ಅರ್ಜಿಗೆ ಮಾರ್ಚ್ 1 ಗಡುವು.

ಕಿತ್ತುಕೊಳ್ಳುವ ವಿಚಾರದಲ್ಲಿ ನೀವು ನೆಮ್ಮದಿಯಾಗಿರಬಹುದು. ನ್ಯೂಜೆರ್ಸಿ, ಟೆಕ್ಸಾಸ್‌ಗಳಲ್ಲಿರುವ ರೋಲ್‌ಬ್ಯಾಕ್ ಫ್ಲಾರಿಡಾದಲ್ಲಿಲ್ಲ. ಬಿಲ್ಡರುಗಳು ಕೂಡ ಜಮೀನು ಹಿಡಿದು, ಕಟ್ಟುವ ದಿನದವರೆಗೆ ಹತ್ತಾರು ದನ ಬಿಟ್ಟು ಕಡಿಮೆ ತೆರಿಗೆ ಕಟ್ಟುತ್ತಾರೆಂದು ಅಲ್ಲಿನವರೇ ದೂರುವುದಕ್ಕೆ ಇದೇ ಕಾರಣ. ಆ ದೂರಿನಲ್ಲಿ ಹುರುಳಿದೆಯೆಂದೇ ನಮಗೂ ಅನ್ನಿಸುತ್ತದೆ.

ನಿಮಗೆ ಇದು ವಿಚಿತ್ರವಾಗಿ ತೋರುವುದು ಸಹಜ. ನಿಮ್ಮ ತೋಟದ ಕಂದಾಯ ಹೆಸರಿಗೆ ಮಾತ್ರದ್ದು. ಅಡಿಕೆ ಮಾರಿದ ಚೀಟಿಯನ್ನು ಯಾರೂ ಕೇಳುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಭೂಪರಿವರ್ತನೆ ಆಗುವವರೆಗೆ ಕಾಗದದ ಮೇಲೆ ಅದು ಕೃಷಿ ಭೂಮಿಯೇ, ಪಾಳು ಬಿದ್ದಿದ್ದರೂ ಸರಿ. ಅಮೆರಿಕದಲ್ಲಿ ಕಾಗದಕ್ಕೆ ಆ ಶಕ್ತಿಯಿಲ್ಲ. ಈ ವರ್ಷ ದನ ಮೇಯದಿದ್ದರೆ ಮುಂದಿನ ವರ್ಷ ಅದು ಬರಿಯ ಸೈಟು. ಆದ್ದರಿಂದ ಬಾಡಿಗೆಯ ಕರಾರು, ದನಗಳ ಚಿತ್ರ, ಬೇಲಿ ರಿಪೇರಿಯ ಬಿಲ್ಲು ಇವನ್ನು ಜೋಪಾನ ಮಾಡಿಡಲು ಮಗನಿಗೆ ಹೇಳಿ.

ಪ್ರಶ್ನೆ: ನ್ಯೂಜೆರ್ಸಿಯ ನಮ್ಮ ಜಮೀನು ನನ್ನ ಯಜಮಾನರ ಹೆಸರಿನಲ್ಲಿದೆ. ಜುಲೈ ಕೊನೆಯಲ್ಲಿ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದರು. ಆಗಸ್ಟ್ 1ರ ಗಡುವು ತಪ್ಪಿತು. ಕಳೆದ ಆರು ವರ್ಷ ತಪ್ಪದೆ ಅರ್ಜಿ ಕೊಟ್ಟಿದ್ದೇವೆ. ಈಗೇನು ದಾರಿ?

ಉತ್ತರ: ಈ ಪತ್ರ ಆಗಸ್ಟ್ 12ರಂದು ಕೈಸೇರಿದ್ದರಿಂದ ಸಂಚಿಕೆಗೆ ಕಾಯದೆ ಓದುಗರಿಗೆ ಆಗಲೇ ಮಿಂಚಂಚೆಯಲ್ಲಿ ಉತ್ತರಿಸಿದ್ದೇವೆ, ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇವೆ. ಮಾಲೀಕರು ಕಾಯಿಲೆಯಿಂದ ಅರ್ಜಿ ಸಲ್ಲಿಸಲಾಗದ ಸ್ಥಿತಿಯಲ್ಲಿದ್ದರೆಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ, ಅಸೆಸರ್ ಸೆಪ್ಟೆಂಬರ್ 1ರವರೆಗೆ ಕಾಲಾವಕಾಶ ಕೊಡಬಹುದು. ಪ್ರಮಾಣಪತ್ರ ಮತ್ತು ಭರ್ತಿ ಮಾಡಿದ ಎಫ್‌ಎ-1 ಎರಡನ್ನೂ ಒಟ್ಟಿಗೆ, ಖುದ್ದಾಗಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ತಿರಸ್ಕೃತವಾದರೆ ನವೆಂಬರ್ 1ರೊಳಗೆ ನೋಟಿಸು ಬರಬೇಕು, ಅದರ ವಿರುದ್ಧ ಕೌಂಟಿಯ ತೆರಿಗೆ ಮಂಡಳಿಗೆ ಮೇಲ್ಮನವಿ ಹೋಗಬಹುದು. ಅದಕ್ಕೆ ಸಾಮಾನ್ಯವಾಗಿ ಏಪ್ರಿಲ್ 1 ಕೊನೆಯ ದಿನ, ಕೆಲವು ಕೌಂಟಿಗಳಲ್ಲಿ ಮಾತ್ರ ಜನವರಿ 15. ಎಲ್ಲವೂ ಕೈತಪ್ಪಿ ಒಂದು ವರ್ಷ ಪೂರ್ತಿ ತೆರಿಗೆ ಕಟ್ಟಬೇಕಾಗಿ ಬಂದರೂ ಬೇಸಾಯವನ್ನು ಮಾತ್ರ ನಿಲ್ಲಿಸಬೇಡಿ. ನಿಲ್ಲಿಸಿದರೆ ಎರಡು ವರ್ಷಗಳ ಸತತ ಬೇಸಾಯದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈಗಾಗಲೇ ರಿಯಾಯಿತಿ ಪಡೆಯುತ್ತಿರುವವರಿಗೆ ನಮೂನೆಯು ಜುಲೈ ಆರಂಭದ ಹೊತ್ತಿಗೆ ಅಂಚೆಯಲ್ಲಿ ಬರುತ್ತದೆ. ಮುಂದಿನ ವರ್ಷ ಬಂದ ವಾರದಲ್ಲಿಯೇ ತುಂಬಿ ಕೊಟ್ಟುಬಿಡಿ. ಯಜಮಾನರು ಬೇಗ ಚೇತರಿಸಿಕೊಳ್ಳಲೆಂದು ಹಾರೈಸುತ್ತೇವೆ.